ಕೊನೆಯ ಬಾರ್‌ಗಳ ಬೆಲೆ: ಮಲೆನಾಡಿನ ಒಂದು ಏರ್ ರೈಫಲ್ ರೇಂಜ್‌ಗೆ ಗಾಳಿ ಒದಗಿಸಿದ ಪ್ರಕರಣ

ಹತ್ತು ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲ್ ಅಭ್ಯಾಸಕ್ಕೆ ದೊಡ್ಡ ಮೈದಾನ ಬೇಕಿಲ್ಲ. ಹಳೆಯ ಅಡಿಕೆ ಮಂಡಿಯ ಗೋದಾಮು ಅಥವಾ ಕಲ್ಯಾಣ ಮಂಟಪದ ಊಟದ ಹಾಲ್ ಸಿಕ್ಕಿದರೂ ಸಾಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಮೇಲೆ ಈ ಕ್ರೀಡೆಯ ಹೆಸರು ಸಣ್ಣ ಊರುಗಳಿಗೂ ತಲುಪಿತು; 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದಾಗ ಹೆಣ್ಣುಮಕ್ಕಳ ತಂದೆತಾಯಿಗಳೂ ವಿಚಾರಿಸತೊಡಗಿದರು. ಜಾಗ ಸಿಕ್ಕಿ, ಬಂದೂಕು ಬಂದು, ತರಬೇತುದಾರರೂ ದೊರೆತ ನಂತರ ಯಾರೂ ಮೊದಲೇ ಯೋಚಿಸಿರದ ಒಂದು ಖರ್ಚು ಎದುರಾಗುತ್ತದೆ, ಅದು ಗಾಳಿಯ ಖರ್ಚು. ಶರಾವತಿ ಕೊಳ್ಳದ ಮೇಲ್ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಸಣ್ಣ ರೇಂಜ್ ಆ ಖರ್ಚನ್ನು ಹೇಗೆ ಇಳಿಸಿಕೊಂಡಿತು ಎಂಬುದನ್ನು ಇಲ್ಲಿ ಲೆಕ್ಕಸಹಿತ ದಾಖಲಿಸಿದೆ. ಊರಿನ ಮತ್ತು ಸಂಸ್ಥೆಯ ಹೆಸರು ಈ ಚರ್ಚೆಗೆ ಅಗತ್ಯವಿಲ್ಲವಾದ್ದರಿಂದ ಬಿಟ್ಟಿದೆ.

ಪರಿಸ್ಥಿತಿ

ರೇಂಜ್‌ನಲ್ಲಿ ಆರು ಲೇನ್‌ಗಳಿವೆ. ನಾಲ್ಕು ರೈಫಲ್ ಮತ್ತು ಮೂರು ಪಿಸ್ತೂಲ್, ಎಲ್ಲವೂ 4.5 ಮಿಲಿಮೀಟರ್ ಪೆಲೆಟ್ (ಸಣ್ಣ ಗುಂಡು) ಹಾರಿಸುವ, ಮೊದಲೇ ತುಂಬಿಟ್ಟ ಗಾಳಿಯಿಂದ ಕೆಲಸ ಮಾಡುವ ಪಂದ್ಯದ ಬಂದೂಕುಗಳು. ಹೆಚ್ಚಿನವು ನಗರದ ಶೂಟರ್‌ಗಳಿಂದ ಎರಡನೇ ಕೈಯಲ್ಲಿ ಕೊಂಡವು. ರೈಫಲ್‌ನ ನಳಿಕೆಯ ಕೆಳಗೆ ತಿರುಗಿಸಿ ಕೂರಿಸುವ ಸಿಲಿಂಡರ್‌ನ ಗಾತ್ರ ಸುಮಾರು 0.2 ಲೀಟರ್, ಪಿಸ್ತೂಲಿನದು ಸುಮಾರು ಅದರ ಅರ್ಧ. ಎರಡನ್ನೂ 200 ಬಾರ್‌ವರೆಗೆ (ಬಾರ್ ಎಂದರೆ ಒತ್ತಡದ ಅಳತೆ, ಒಂದು ಬಾರ್ ಹೆಚ್ಚೂಕಡಿಮೆ ವಾತಾವರಣದ ಒತ್ತಡದಷ್ಟು) ತುಂಬಬಹುದು ಎಂದು ಅವುಗಳ ಮೈಮೇಲೆಯೇ ಕೊರೆದಿರುತ್ತದೆ.

ದಿನಕ್ಕೆ ಸುಮಾರು ಹತ್ತು ಮಂದಿ ರೈಫಲ್, ಆರು ಮಂದಿ ಪಿಸ್ತೂಲ್ ಅಭ್ಯಾಸ ಮಾಡುತ್ತಾರೆ. ಪಂದ್ಯದಲ್ಲಿ ಅರ್ಹತಾ ಸುತ್ತಿಗೆ 60 ಹೊಡೆತಗಳಿರುವುದರಿಂದ, ಗುರಿ ಹೊಂದಿಸಿಕೊಳ್ಳುವ ಆರಂಭದ ಹೊಡೆತಗಳನ್ನು ಸೇರಿಸಿ ಒಬ್ಬರಿಗೆ ದಿನಕ್ಕೆ 70 ಹೊಡೆತ ಎಂದು ಹಿಡಿಯಲಾಯಿತು. ಇವರ ರೈಫಲ್‌ಗಳು ಒಂದು ಹೊಡೆತಕ್ಕೆ, ವಾತಾವರಣದ ಒತ್ತಡದಲ್ಲಿ ಅಳೆದರೆ, ಸುಮಾರು 80 ಮಿಲಿಲೀಟರ್ ಗಾಳಿ ಬಳಸುತ್ತವೆ; ಪಿಸ್ತೂಲ್‌ಗಳು 65ರಿಂದ 70 ಮಿಲಿಲೀಟರ್. ಹಾಗಾದರೆ ದಿನಕ್ಕೆ ಸುಮಾರು 84 ಲೀಟರ್, ವಾರಕ್ಕೆ ಐದು ದಿನದಂತೆ ಸುಮಾರು 420 ಲೀಟರ್ ಗಾಳಿ ಬೇಕು. ಇದು ಬಹಳ ಕಡಿಮೆ. ಲಾರಿಯ ಒಂದು ಚಕ್ರದಲ್ಲಿ ಇದಕ್ಕಿಂತ ಹೆಚ್ಚು ಗಾಳಿ ಇರುತ್ತದೆ.

ಹಾಗಿದ್ದರೆ ಪಂಕ್ಚರ್ ಅಂಗಡಿಯಲ್ಲಿ ತುಂಬಿಸಿದರಾಗದೇ ಎಂಬುದು ಪೋಷಕರು ಕೇಳಿದ ಮೊದಲ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆಯೇ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡುವ ಒತ್ತಡ ಎಂಟರಿಂದ ಹತ್ತು ಬಾರ್. ಬಂದೂಕಿಗೆ ಬೇಕಾದದ್ದು 200 ಬಾರ್, ಅಂದರೆ 2,900 ಪಿಎಸ್‌ಐ. ಗಾಳಿಯ ಪ್ರಮಾಣ ಇಲ್ಲಿ ಸಮಸ್ಯೆಯೇ ಅಲ್ಲ, ಒತ್ತಡವೇ ಸಮಸ್ಯೆ. ಈ ವ್ಯತ್ಯಾಸ ಎಲ್ಲರಿಗೂ ಸ್ಪಷ್ಟವಾಗುವವರೆಗೆ ಯಾವ ಚರ್ಚೆಯೂ ಮುಂದುವರಿಯಲಿಲ್ಲ.

ಮೊದಲ ವರ್ಷದ ವ್ಯವಸ್ಥೆ: ಡೈವಿಂಗ್ ಸಿಲಿಂಡರ್

ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ನಡೆಯುವುದರಿಂದ ಮುರುಡೇಶ್ವರದಲ್ಲಿ ಉಸಿರಾಟದ ಗಾಳಿ ತುಂಬುವ ಕಂಪ್ರೆಸರ್‌ಗಳಿವೆ. ರೇಂಜ್‌ನವರು 11.1 ಲೀಟರ್ ಗಾತ್ರದ, 207 ಬಾರ್ ತುಂಬುವ ಒಂದು ಅಲ್ಯೂಮಿನಿಯಂ ಡೈವಿಂಗ್ ಸಿಲಿಂಡರ್ ಕೊಂಡು, ಘಟ್ಟ ಇಳಿದು ಅಲ್ಲಿ ತುಂಬಿಸಿ ತರತೊಡಗಿದರು. ಡೈವಿಂಗ್‌ಗೆ ತುಂಬುವ ಗಾಳಿ ಶುದ್ಧವಾಗಿರುತ್ತದೆ, ಒಣಗಿರುತ್ತದೆ, ತುಂಬುವವರಿಗೆ ಕೆಲಸ ಗೊತ್ತಿರುತ್ತದೆ. ತುಂಬುವ ಶುಲ್ಕವೂ ದೊಡ್ಡದಲ್ಲ. ಸಮುದ್ರತೀರದ ಊರಿನಲ್ಲಿ ರೇಂಜ್ ಇದ್ದಿದ್ದರೆ ಈ ಪ್ರಕರಣವನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ತೊಂದರೆ ಎರಡು ಕಡೆಯಿಂದ ಬಂತು. ಮೊದಲನೆಯದು ದೂರ: ಹೋಗಿ ಬರುವ ಜೀಪಿನ ಡೀಸೆಲ್ಲು ಗಾಳಿಯ ಶುಲ್ಕಕ್ಕಿಂತ ಹಲವು ಪಟ್ಟು ಹೆಚ್ಚು. ಅದರ ಜೊತೆಗೆ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೇತ್ರಾಣಿಯ ಡೈವಿಂಗ್ ನಿಲ್ಲುತ್ತದೆ; ಶಾಲೆಗಳು ಶುರುವಾಗಿ ಮಕ್ಕಳು ನಿಯಮಿತವಾಗಿ ಬರುವ ತಿಂಗಳುಗಳೂ ಅವೇ. ಎರಡನೆಯದು ಲೆಕ್ಕದ ತೊಂದರೆ, ಅದು ತಡವಾಗಿ ಗಮನಕ್ಕೆ ಬಂತು. ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ಗಾಳಿ ತಾನಾಗಿ ಹರಿಯುವುದು ಎರಡೂ ಕಡೆ ಒತ್ತಡ ಸಮವಾಗುವವರೆಗೆ ಮಾತ್ರ. ಬಳಸಿ 80 ಬಾರ್‌ಗೆ ಇಳಿದ ರೈಫಲ್ ಸಿಲಿಂಡರ್ ಒಂದನ್ನು 200ಕ್ಕೆ ಏರಿಸಲು 24 ಲೀಟರ್ (120 ಬಾರ್ × 0.2 ಲೀಟರ್) ಗಾಳಿ ಬೇಕು. ಅಷ್ಟು ತೆಗೆದರೆ 11.1 ಲೀಟರ್‌ನ ಸಿಲಿಂಡರ್‌ನಲ್ಲಿ ಒತ್ತಡ ಎರಡು ಬಾರ್‌ಗಿಂತ ತುಸು ಹೆಚ್ಚು ಇಳಿಯುತ್ತದೆ. ಹೀಗಾಗಿ 207ರಲ್ಲಿ ಶುರುವಾದ ಸಿಲಿಂಡರ್ ಪೂರ್ಣ 200 ಬಾರ್ ಕೊಡಬಲ್ಲದ್ದು ಮೂರು ರೈಫಲ್‌ಗಳಿಗೆ ಮಾತ್ರ. ಒಳಗೆ ಎರಡು ಸಾವಿರ ಲೀಟರ್ ಗಾಳಿ ಉಳಿದಿರುವಾಗಲೇ “ಸಿಲಿಂಡರ್ ಖಾಲಿಯಾಯಿತು” ಎಂದು ಮತ್ತೆ ಘಟ್ಟ ಇಳಿಯುವ ಮಾತು ಏಳುತ್ತಿತ್ತು.

ಇದೇ ಲೆಕ್ಕವನ್ನು 300 ಬಾರ್‌ನ ಸಿಲಿಂಡರಿಗೆ ಹಾಕಿದರೆ ಚಿತ್ರ ಬೇರೆಯಾಗುತ್ತದೆ. 12 ಲೀಟರ್‌ನ ಉಕ್ಕಿನ ಸಿಲಿಂಡರ್ 300ರಿಂದ 200ಕ್ಕೆ ಇಳಿಯುವಷ್ಟರಲ್ಲಿ ಕಾಗದದ ಮೇಲೆ 50 ರೈಫಲ್‌ಗಳನ್ನು ಪೂರ್ತಿ ತುಂಬುತ್ತದೆ. ಅಷ್ಟು ಒತ್ತಡದಲ್ಲಿ ಗಾಳಿ ಈ ಸರಳ ಲೆಕ್ಕದಂತೆ (ಆದರ್ಶ ಅನಿಲದಂತೆ) ವರ್ತಿಸುವುದಿಲ್ಲವಾದ್ದರಿಂದ ನಿಜವಾಗಿ ಸಿಗುವುದು ಸ್ವಲ್ಪ ಕಡಿಮೆ, ಆದರೂ ಮೂರಕ್ಕೂ ನಲವತ್ತಕ್ಕೂ ಇರುವ ಅಂತರ ದೊಡ್ಡದೇ. ಅಗ್ನಿಶಾಮಕ ಸಿಬ್ಬಂದಿ ಬೆನ್ನಿಗೆ ಹಾಕಿಕೊಳ್ಳುವ 6.8 ಲೀಟರ್‌ನ ಕಾರ್ಬನ್ ಫೈಬರ್ ಸಿಲಿಂಡರ್‌ಗಳೂ 300 ಬಾರ್‌ನವೇ; ಹಗುರ ಎಂಬ ಕಾರಣಕ್ಕೆ ಬಹಳ ಶೂಟರ್‌ಗಳು ಅವನ್ನು ಇಷ್ಟಪಡುತ್ತಾರೆ. ಆದರೆ ಅವುಗಳಿಗೆ ಬಳಕೆಯ ಆಯುಷ್ಯ ನಿಗದಿಯಾಗಿರುತ್ತದೆ, ಸಾಮಾನ್ಯವಾಗಿ 15 ವರ್ಷ, ಮತ್ತು ಅಗ್ಗಕ್ಕೆ ಮಾರಾಟಕ್ಕೆ ಬರುವವು ಹೆಚ್ಚಾಗಿ ಆ ಗಡಿಯ ಹತ್ತಿರದವು. ಅಂಥ ಒಂದು ಸಿಲಿಂಡರ್ ಅರ್ಧ ಬೆಲೆಗೆ ಬಂದಾಗ ರೇಂಜ್‌ನವರು ಬೇಡವೆಂದದ್ದು ಸರಿಯಾದ ನಿರ್ಧಾರ.

ಸ್ವಂತ ಕಂಪ್ರೆಸರ್ ಎಂಬ ಆಸೆ

ಹೊಸ ಸಿಲಿಂಡರ್ ಕೊಂಡರೂ ಅದನ್ನು ತುಂಬಿಸಲು ಮತ್ತೆ ಘಟ್ಟ ಇಳಿಯಲೇಬೇಕು ಎಂಬ ಕಾರಣಕ್ಕೆ ಮಾತು ಸ್ವಂತ ಕಂಪ್ರೆಸರ್ ಕಡೆ ತಿರುಗಿತು. ಜರ್ಮನಿಯ ಬಾವರ್, ಇಟಲಿಯ ಕೋಲ್ಟ್ರಿ ಮುಂತಾದ ಕಂಪನಿಗಳ, ಡೈವಿಂಗ್ ಮತ್ತು ಅಗ್ನಿಶಾಮಕ ಕೆಲಸಕ್ಕೆಂದೇ ತಯಾರಾದ ಕಂಪ್ರೆಸರ್‌ಗಳು ಹಲವು ಲಕ್ಷ ರೂಪಾಯಿಯವು. ಅವುಗಳ ಚರ್ಚೆ ಒಂದೇ ಸಭೆಯಲ್ಲಿ ಮುಗಿಯಿತು. ಉಳಿದದ್ದು ಚೀನಾದಲ್ಲಿ ತಯಾರಾಗಿ ಆನ್‌ಲೈನ್‌ನಲ್ಲಿ ಹತ್ತಾರು ಸಾವಿರ ರೂಪಾಯಿಗೆ ಸಿಗುವ, ನೀರಿನಿಂದ ತಣಿಯುವ, 1.8 ಕಿಲೋವ್ಯಾಟ್ ಮೋಟಾರಿನ, 300 ಬಾರ್‌ವರೆಗೆ ಒತ್ತುವ ಯಂತ್ರಗಳು.

ಅವು ಕೆಲಸಕ್ಕೆ ಬಾರದ ಯಂತ್ರಗಳೇನೂ ಅಲ್ಲ. ಮನೆಯಲ್ಲಿ ಒಂದೆರಡು ಬಂದೂಕು ಇಟ್ಟುಕೊಂಡವರಿಗೆ, ಬಿಡುವು ಕೊಟ್ಟು ಕೊಟ್ಟು ನಡೆಸುವವರಿಗೆ ಅವು ಸಾಕಾಗುತ್ತವೆ. ಆದರೆ ಗಾತ್ರಕ್ಕೆ ಹೋಲಿಸಿದರೆ ಅವು ಮಾಡುವ ಕೆಲಸ ಭಾರಿಯಾದ್ದರಿಂದ ಬೇಗ ಕಾಯುತ್ತವೆ; ಪಿಸ್ಟನ್ ರಿಂಗ್, ಓ-ರಿಂಗ್‌ಗಳು ಸವೆಯುತ್ತವೆ; ಎಣ್ಣೆಯನ್ನು ಆಗಾಗ ಬದಲಿಸಬೇಕು; ನಡೆಯುವಾಗ ಒಬ್ಬರು ಪಕ್ಕದಲ್ಲೇ ನಿಂತು ಉಷ್ಣತೆಯನ್ನೂ ಒತ್ತಡದ ಮುಳ್ಳನ್ನೂ ನೋಡುತ್ತಿರಬೇಕು. ಸಂಜೆ ಹೊತ್ತು ಹದಿನಾರು ಮಕ್ಕಳನ್ನು ನೋಡಿಕೊಳ್ಳುವ ಒಬ್ಬರೇ ತರಬೇತುದಾರರಿಗೆ ಇದು ಆಗುವ ಕೆಲಸವಲ್ಲ.

ಇದಕ್ಕಿಂತ ಗಂಭೀರವಾದದ್ದು ನೀರಿನ ವಿಷಯ. ಮಲೆನಾಡಿನಲ್ಲಿ, ಅದರಲ್ಲೂ ಆಷಾಢದಲ್ಲಿ, ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 30 ಡಿಗ್ರಿ ಉಷ್ಣತೆಯ, ಶೇಕಡಾ 80 ತೇವಾಂಶದ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಗಾಳಿಯನ್ನು ಒತ್ತಿ ಇನ್ನೂರನೇ ಒಂದು ಭಾಗದಷ್ಟು ಜಾಗಕ್ಕೆ ಇಳಿಸಿದಾಗ ಆವಿಯಾಗಿ ಉಳಿಯಬಲ್ಲ ನೀರು ಆ ಸಣ್ಣ ಜಾಗಕ್ಕೆ ತಕ್ಕಷ್ಟು ಮಾತ್ರ, ಮಿಕ್ಕದ್ದೆಲ್ಲ ಹನಿಯಾಗುತ್ತದೆ. 12 ಲೀಟರ್‌ನ ಒಂದು ಸಿಲಿಂಡರನ್ನು 300 ಬಾರ್‌ಗೆ ತುಂಬುವಾಗ ಯಂತ್ರದೊಳಗೆ ಹೋಗುವ ನೀರು ಹೀಗೆ ಸುಮಾರು 80 ಗ್ರಾಂ ಆಗುತ್ತದೆ. ಬೇಸಿಗೆಯ ಬಳ್ಳಾರಿಯಲ್ಲಿ ಇದೇ ಕೆಲಸಕ್ಕೆ ಇದಕ್ಕಿಂತ ಬಹಳ ಕಡಿಮೆ ನೀರು ಬರುತ್ತದೆ. ಅಗ್ಗದ ಯಂತ್ರಗಳ ಜೊತೆ ಬರುವ ಹತ್ತಿಯ ಫಿಲ್ಟರ್ ಎಣ್ಣೆಯ ಹನಿಗಳನ್ನು ಸ್ವಲ್ಪ ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ನೀರನ್ನು ಬೇರ್ಪಡಿಸುವ ಕೊಳವೆ, ಆಮೇಲೆ ಮಾಲಿಕ್ಯುಲರ್ ಸೀವ್ (ಆವಿಯನ್ನು ಹೀರಿಕೊಳ್ಳುವ ಕಾಳು) ತುಂಬಿದ ಫಿಲ್ಟರ್, ಅದಕ್ಕೆ ಕಾಲಕಾಲಕ್ಕೆ ಹೊಸ ಕಾಳು, ಇವೆಲ್ಲ ಸೇರಿದರೆ ಮಾತ್ರ ಬಂದೂಕಿಗೆ ಯೋಗ್ಯವಾದ ಒಣ ಗಾಳಿ ಸಿಗುತ್ತದೆ. ಒಳಗೆ ಸೇರಿದ ನೀರು ಉಕ್ಕಿನ ಸಿಲಿಂಡರನ್ನು ತುಕ್ಕು ಹಿಡಿಸುತ್ತದೆ, ಬಂದೂಕಿನಲ್ಲಿ ಗಾಳಿಯ ಒತ್ತಡವನ್ನು ಹದಕ್ಕೆ ಇಳಿಸುವ ರೆಗ್ಯುಲೇಟರ್‌ನ ಸೂಕ್ಷ್ಮ ಭಾಗಗಳನ್ನು ಹಾಳುಮಾಡುತ್ತದೆ. ರೆಗ್ಯುಲೇಟರ್ ಹಾಳಾದ ಬಂದೂಕು ದುರಸ್ತಿಗೆಂದು ದೂರದ ನಗರಕ್ಕೆ ಹೋಗಿ ಬರುವಷ್ಟರಲ್ಲಿ ಋತುವೇ ಮುಗಿದಿರುತ್ತದೆ.

ಕಾನೂನಿನ ಮಾತೂ ಇದೆ. 1884ರ ಸ್ಫೋಟಕಗಳ ಕಾಯ್ದೆಯ ಅಡಿ ರೂಪಿಸಿದ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು 500 ಮಿಲಿಲೀಟರಿಗಿಂತ ದೊಡ್ಡ ಪಾತ್ರೆಗಳನ್ನು ಸಿಲಿಂಡರ್ ಎಂದು ಪರಿಗಣಿಸುತ್ತವೆ. ಬಂದೂಕಿಗೆ ಕೂರಿಸುವ 0.2 ಲೀಟರ್‌ನ ಸಿಲಿಂಡರ್ ಆ ಅಳತೆಗಿಂತ ಚಿಕ್ಕದು. ಡೈವಿಂಗ್ ಸಿಲಿಂಡರ್ ಅದರೊಳಗೆ ಬರುತ್ತದೆ. ದೊಡ್ಡ ಸಿಲಿಂಡರುಗಳಿಗೆ ಅನಿಲ ತುಂಬುವುದಕ್ಕೆ ಪರವಾನಗಿಯ ವ್ಯವಸ್ಥೆ ಇದೆ, ಸಿಲಿಂಡರಿಗೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ, ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ಪೆಸೊ ಸಂಸ್ಥೆಯ ಅನುಮೋದನೆ ಇರಬೇಕು, ಕಾಲಕಾಲಕ್ಕೆ ನೀರಿನ ಒತ್ತಡದ ಪರೀಕ್ಷೆಯೂ ಆಗಬೇಕು. ಮಕ್ಕಳು ಬರುವ ಜಾಗದಲ್ಲಿ ಈ ವಿಷಯಗಳಲ್ಲಿ ಕಣ್ಣುಮುಚ್ಚಿಕೊಳ್ಳುವುದು ಸಾಧ್ಯವಿಲ್ಲ ಎಂದು ಸಮಿತಿಯಲ್ಲಿದ್ದ ನಿವೃತ್ತ ಎಂಜಿನಿಯರ್ ಒಬ್ಬರು ಪಟ್ಟು ಹಿಡಿದರು. ಸ್ವಂತ ಕಂಪ್ರೆಸರ್‌ನಿಂದ ಡೈವಿಂಗ್ ಸಿಲಿಂಡರ್ ತುಂಬಿಸಿಕೊಳ್ಳುವ ಆಲೋಚನೆ ಅಲ್ಲಿಗೆ ನಿಂತಿತು.

ಕೈಪಂಪು

ಮೂರು ಹಂತದ ಕೈಪಂಪು ಎಲ್ಲಕ್ಕಿಂತ ಅಗ್ಗದ್ದು, ವಿದ್ಯುತ್ತೂ ಬೇಡ, ಪರವಾನಗಿಯೂ ಬೇಡ. ಸೈಕಲ್ ಪಂಪಿನಂತೆಯೇ ಕಂಡರೂ ಒಳಗೆ ಒಂದರೊಳಗೊಂದು ಕೂತ ಕೊಳವೆಗಳಲ್ಲಿ ಗಾಳಿ ಹಂತಹಂತವಾಗಿ ಒತ್ತಲ್ಪಡುತ್ತದೆ. ಒಂದೇ ಪಿಸ್ತೂಲ್ ಇರುವ ಶೂಟರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ರೈಫಲ್ ಸಿಲಿಂಡರ್ ಒಂದನ್ನು 80ರಿಂದ 200ಕ್ಕೆ ಏರಿಸಲು ನೂರಕ್ಕೂ ಹೆಚ್ಚು ಬಾರಿ ಪಂಪು ಹೊಡೆಯಬೇಕು, ಕೊನೆಯ ಭಾಗದಲ್ಲಿ ಮೈಭಾರವನ್ನೆಲ್ಲ ಹಿಡಿಯ ಮೇಲೆ ಹಾಕಬೇಕು, ನಡುನಡುವೆ ಪಂಪು ತಣಿಯಲು ಬಿಡಬೇಕು. ಹದಿಮೂರು ವರ್ಷದ ತೆಳ್ಳನೆಯ ಹುಡುಗಿಗೆ ಅದು ಆಗದು. ಆಗುವವರಿಗೂ ಪಂಪು ಹೊಡೆದು ನಡುಗುವ ತೋಳಿನಲ್ಲಿ ಹತ್ತು ಮೀಟರ್ ಗುರಿ ಹಿಡಿಯುವುದು ಕಷ್ಟ. ನೀರಿನ ಲೆಕ್ಕವೂ ಇಲ್ಲಿ ತಪ್ಪುವುದಿಲ್ಲ: 24 ಲೀಟರ್ ಮಳೆಗಾಲದ ಗಾಳಿಯಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ನೀರಿರುತ್ತದೆ, ಪಂಪಿನ ಬುಡದಲ್ಲಿ ಹಿಡಿಯದೆ ಬಿಟ್ಟದ್ದು ಬಂದೂಕಿಗೇ ಹೋಗುತ್ತದೆ.

ಪ್ರಶ್ನೆಯನ್ನು ಬದಲಿಸಿದ ಸಭೆ

ಇಲ್ಲಿಯವರೆಗಿನ ಎಲ್ಲ ಲೆಕ್ಕಗಳೂ 200 ಬಾರ್ ಬೇಕೇ ಬೇಕು ಎಂಬ ನಂಬಿಕೆಯ ಮೇಲೆ ನಿಂತಿದ್ದವು. ಸಿಲಿಂಡರಿನ ಮೇಲೆ ಹಾಗೆ ಬರೆದಿದೆ ಎಂಬುದರ ಹೊರತು ಅದಕ್ಕೆ ಬೇರೆ ಆಧಾರವಿರಲಿಲ್ಲ. ಬರೆದಿರುವುದು ತುಂಬಬಹುದಾದ ಗರಿಷ್ಠ ಒತ್ತಡ. ಬಂದೂಕು ಕೆಲಸ ಮಾಡಲು ಬೇಕಾದ ಒತ್ತಡ ಅದಲ್ಲ. ಪಂದ್ಯದ ಬಂದೂಕಿನಲ್ಲಿ ಸಿಲಿಂಡರ್ ಮತ್ತು ಗುಂಡು ಹಾರಿಸುವ ಕೋಣೆಯ ನಡುವೆ ರೆಗ್ಯುಲೇಟರ್ ಇರುತ್ತದೆ. ಸಿಲಿಂಡರಿನಲ್ಲಿ 200 ಬಾರ್ ಇರಲಿ, 120 ಇರಲಿ, ರೆಗ್ಯುಲೇಟರ್ ಅದನ್ನು ತನಗೆ ನಿಗದಿಯಾದ ಒತ್ತಡಕ್ಕೆ ಇಳಿಸಿಯೇ ಮುಂದೆ ಕಳುಹಿಸುತ್ತದೆ. ಆದ್ದರಿಂದ ಪೆಲೆಟ್‌ನ ವೇಗ ಬದಲಾಗುವುದಿಲ್ಲ. ಸಿಲಿಂಡರಿನ ಒತ್ತಡ ಆ ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ಮಾತ್ರ ವೇಗ ಕುಸಿದು ಹೊಡೆತಗಳು ಗುರಿಯ ಕೆಳಗೆ ಬೀಳತೊಡಗುತ್ತವೆ. ಈ ಮಟ್ಟ ಬಂದೂಕಿನಿಂದ ಬಂದೂಕಿಗೆ ಬೇರೆ. ಇಲ್ಲಿನ ಬಂದೂಕುಗಳಿಗೆ 80 ಬಾರ್‌ಗಿಂತ ಕೆಳಗೆ ಅಭ್ಯಾಸ ಮಾಡುವುದಿಲ್ಲ ಎಂದು ನಿಯಮ ಮಾಡಿ, ಕ್ರೋನೋಗ್ರಾಫ್‌ನಿಂದ ವೇಗ ಅಳೆದು, ಆ ಗಡಿ ಸುರಕ್ಷಿತ ಎಂದು ಖಚಿತಪಡಿಸಿಕೊಳ್ಳಲಾಯಿತು.

ಅಂದಮೇಲೆ ಕೇಳಬೇಕಾದ ಪ್ರಶ್ನೆ “ಪೂರ್ತಿ ತುಂಬಿಸುವುದು ಹೇಗೆ” ಎಂಬುದಲ್ಲ, “ಒಂದು ಸಂಜೆಗೆ ಎಷ್ಟು ಬೇಕು” ಎಂಬುದು. ರೈಫಲ್ ಸಿಲಿಂಡರನ್ನು 80ರಿಂದ 120ಕ್ಕೆ ತುಂಬಿದರೆ ಎಂಟು ಲೀಟರ್ ಗಾಳಿ ಸೇರುತ್ತದೆ. ಒಂದು ಹೊಡೆತಕ್ಕೆ 80 ಮಿಲಿಲೀಟರ್‌ನಂತೆ ಅದು ನೂರು ಹೊಡೆತ. ಅಂದರೆ ಪೂರ್ಣ 60 ಹೊಡೆತಗಳ ಸುತ್ತು, ಆರಂಭದ ಹೊಡೆತಗಳು, ಮೇಲೆ ಒಂದಿಷ್ಟು ಉಳಿಕೆ. ಪಿಸ್ತೂಲಿಗೆ ಇಷ್ಟೇ ಏರಿಕೆಯಲ್ಲಿ ಅರವತ್ತರ ಆಸುಪಾಸು ಹೊಡೆತ ಸಿಗುವುದರಿಂದ ನಡುವೆ ಒಮ್ಮೆ ಮತ್ತೆ ತುಂಬಬೇಕಾಗುತ್ತದೆ. ಅದು ಅರ್ಧ ನಿಮಿಷದ ಕೆಲಸ. 120ರಿಂದ 200ರವರೆಗಿನ 80 ಬಾರ್‌ಗಳು ಅಭ್ಯಾಸಕ್ಕೆ ಕೊಡುತ್ತಿದ್ದದ್ದು ಪದೇ ಪದೇ ತುಂಬುವ ತೊಂದರೆಯಿಂದ ಬಿಡುಗಡೆಯನ್ನು ಮಾತ್ರ. ಆ ಅನುಕೂಲಕ್ಕಾಗಿ ಇವರು ಘಟ್ಟ ಇಳಿಯುತ್ತಿದ್ದರು, ಲಕ್ಷದ ಕಂಪ್ರೆಸರ್ ನೋಡುತ್ತಿದ್ದರು.

ಬೇಕಾದದ್ದು 120 ಬಾರ್ ಎಂದು ಗೊತ್ತಾದ ಕೂಡಲೇ ಅದುವರೆಗೆ ಯಾರ ಲೆಕ್ಕಕ್ಕೂ ಸಿಗದಿದ್ದ ಒಂದು ಮೂಲ ಕಣ್ಣಿಗೆ ಬಿತ್ತು. ಊರಿನ ವರ್ಕ್‌ಶಾಪ್‌ಗಳಿಗೆ, ಆಸ್ಪತ್ರೆಗೆ, ಫ್ರಿಜ್ ಮತ್ತು ಏಸಿ ದುರಸ್ತಿಯವರಿಗೆ ಅನಿಲದ ಸಿಲಿಂಡರ್ ತಂದುಕೊಡುವ ಏಜೆನ್ಸಿಯ ಗಾಡಿ ಜಿಲ್ಲಾ ಕೇಂದ್ರದಿಂದ ನಿಯಮಿತವಾಗಿ ಬರುತ್ತಿತ್ತು. ಅದು ತರುವ ದೊಡ್ಡ ಸಿಲಿಂಡರಿನ ಗಾತ್ರ 46.7 ಲೀಟರ್, ಒತ್ತಡ ಸುಮಾರು 150 ಬಾರ್, ಒಳಗಿರುವ ಅನಿಲ ಏಳು ಘನ ಮೀಟರ್. 200 ಬಾರ್ ಬೇಕೆನ್ನುವವರಿಗೆ ಅದು ನಿರುಪಯೋಗಿ. 120 ಸಾಕೆನ್ನುವವರಿಗೆ ಕಣಜ.

ನೈಟ್ರೋಜನ್, ಮತ್ತು ಆಕ್ಸಿಜನ್ ಏಕೆ ಕೂಡದು

ಆ ಸಿಲಿಂಡರುಗಳಲ್ಲಿ ಇವರು ಆರಿಸಿಕೊಂಡದ್ದು ನೈಟ್ರೋಜನ್. ಗಾಳಿಯ ಶೇಕಡಾ 78 ಭಾಗ ಅದೇ ಆದ್ದರಿಂದ ಬಂದೂಕಿನ ವರ್ತನೆಯಲ್ಲಿ ಗಣನೀಯ ವ್ಯತ್ಯಾಸ ಬರುವುದಿಲ್ಲ. ಕಾರ್ಖಾನೆಯಲ್ಲೇ ಒಣಗಿಸಿ ತುಂಬಿರುವುದರಿಂದ ಆಷಾಢದ ತೇವದ ಚಿಂತೆ ಒಮ್ಮೆಗೇ ತೊಲಗಿತು. ಸ್ವಂತ ಕಂಪ್ರೆಸರ್‌ಗೆ ಎಷ್ಟೇ ಫಿಲ್ಟರ್ ಹಾಕಿದರೂ ಇಷ್ಟು ಒಣ ಅನಿಲ ಸಿಗುವುದು ಕಷ್ಟ. ಸಿಲಿಂಡರ್ ಕೊಳ್ಳಬೇಕಿಲ್ಲ, ಠೇವಣಿ ಇಟ್ಟು ತಿಂಗಳ ಬಾಡಿಗೆಗೆ ಸಿಗುತ್ತದೆ. ಅದರ ಪರೀಕ್ಷೆ, ಅನುಮೋದನೆ, ತುಂಬುವ ಪರವಾನಗಿ ಎಲ್ಲವೂ ಏಜೆನ್ಸಿಯ ಹೊಣೆ.

ಅದೇ ಗಾಡಿಯಲ್ಲಿ ಬರುವ, ಕಪ್ಪು ಮೈ ಮತ್ತು ಬಿಳಿ ಕುತ್ತಿಗೆಯ ಆಕ್ಸಿಜನ್ ಸಿಲಿಂಡರ್ ಬಗ್ಗೆ ಇಲ್ಲಿ ಬಿಡಿಸಿ ಹೇಳಲೇಬೇಕು. “ಅದೂ ಗಾಳಿಯೇ ಅಲ್ಲವೇ, ಆಸ್ಪತ್ರೆಯಲ್ಲಿ ರೋಗಿಗೇ ಕೊಡುತ್ತಾರಲ್ಲ” ಎಂಬ ಮಾತು ಸಭೆಯಲ್ಲಿ ಬಂದೇ ಬಂತು. ಬಂದೂಕಿನೊಳಗಿನ ವಾಷರ್‌ಗಳಿಗೆ ಹಚ್ಚಿದ ಗ್ರೀಸು, ಎಣ್ಣೆ, ರಬ್ಬರು ಇವೆಲ್ಲ ಅಧಿಕ ಒತ್ತಡದ ಶುದ್ಧ ಆಕ್ಸಿಜನ್‌ನಲ್ಲಿ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲವು. ವಾಲ್ವ್ ತೆರೆದ ಕ್ಷಣ ಅನಿಲ ಒತ್ತಲ್ಪಟ್ಟು ಹುಟ್ಟುವ ಶಾಖವೇ ಸಾಕು. ಬಂದೂಕು ಮುಖದ ಹತ್ತಿರ ಸಿಡಿಯುತ್ತದೆ. ಯಾವ ಸಂದರ್ಭದಲ್ಲೂ, ಎಷ್ಟೇ ಕಡಿಮೆ ಪ್ರಮಾಣದಲ್ಲೂ ಆಕ್ಸಿಜನ್ ಬಳಸಕೂಡದು. ಸಿಎನ್‌ಜಿ ಬಂಕ್‌ನಲ್ಲಿ 200 ಬಾರ್ ಇರುತ್ತದಲ್ಲ ಎಂಬ ಮಾತಿಗೂ ಇದೇ ಉತ್ತರ, ಅದು ಉರಿಯುವ ಅನಿಲ. ಇಂಗಾಲದ ಡೈಆಕ್ಸೈಡ್ ಉರಿಯುವುದಿಲ್ಲವಾದರೂ ಈ ಬಂದೂಕುಗಳಿಗೆ ಹೊಂದುವುದಿಲ್ಲ. 20 ಡಿಗ್ರಿಯಲ್ಲಿ ಅದರ ಒತ್ತಡ 57 ಬಾರ್ ಮಾತ್ರ, ಉಷ್ಣತೆ ಏರಿಳಿದಂತೆ ಅದೂ ಏರಿಳಿಯುತ್ತದೆ.

ನೈಟ್ರೋಜನ್‌ಗೂ ಒಂದು ಅಪಾಯವಿದೆ, ಅದು ಬೇರೆ ಜಾತಿಯದು. ಬಣ್ಣವಿಲ್ಲ, ವಾಸನೆಯಿಲ್ಲ, ಸೋರಿದರೆ ಗೊತ್ತಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಮೂರು ಮೀಟರಿನ ಮುಚ್ಚಿದ ಕೋಣೆಯಲ್ಲಿ ಒಂದು ಸಿಲಿಂಡರ್ ಪೂರ್ತಿ ಸೋರಿದರೆ ಅಲ್ಲಿನ ಆಕ್ಸಿಜನ್ ಪ್ರಮಾಣ ಶೇಕಡಾ 21ರಿಂದ 16ರ ಆಸುಪಾಸಿಗೆ ಇಳಿಯುತ್ತದೆ. ಒಳಗೆ ಹೋದವರಿಗೆ ತಲೆ ಸುತ್ತಬಹುದು, ಎರಡು ಸಿಲಿಂಡರ್ ಸೋರಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಸಿಲಿಂಡರುಗಳನ್ನು ಹಳೆಯ ಉಗ್ರಾಣದ ಕೋಣೆಯಲ್ಲಿಡುವ ಮೊದಲ ಯೋಜನೆಯನ್ನು ಬಿಟ್ಟು, ಮೂರು ಕಡೆ ತೆರೆದ ಹಿಂಬದಿಯ ಜಗಲಿಯಲ್ಲಿ, ಕಂಬಕ್ಕೆ ಸರಪಳಿ ಬಿಗಿದು ನಿಲ್ಲಿಸಲಾಯಿತು.

ಎರಡು ಸಿಲಿಂಡರುಗಳ ಸರದಿ

ಒಂದೇ ಸಿಲಿಂಡರ್ ಇಟ್ಟುಕೊಂಡರೆ ಅದು 150ರಿಂದ 120ಕ್ಕೆ ಇಳಿಯುವವರೆಗೆ ಮಾತ್ರ ಪ್ರಯೋಜನ. 30 ಬಾರ್ ಅಂತರದಲ್ಲಿ 46.7 ಲೀಟರ್‌ನ ಸಿಲಿಂಡರ್ ಕೊಡುವುದು ಸುಮಾರು 1,400 ಲೀಟರ್, ಅಂದರೆ ಮೂರು ವಾರದ ಅಭ್ಯಾಸ. ಆಮೇಲೆ ಐದರಲ್ಲಿ ನಾಲ್ಕು ಪಾಲು ಅನಿಲವನ್ನು ಹಾಗೆಯೇ ಹಿಂದಕ್ಕೆ ಕಳುಹಿಸಬೇಕು. ಎರಡು ಸಿಲಿಂಡರುಗಳನ್ನು ಒಂದಾದ ಮೇಲೊಂದು ಬಳಸಿದರೂ ಸಿಗುವುದು ಇದರ ಎರಡರಷ್ಟು, 2,800 ಲೀಟರ್.

ಆದರೆ ಅವನ್ನು ಸರದಿಯಲ್ಲಿ ಬಳಸಿದರೆ ಲೆಕ್ಕ ಬೇರೆ. ಬಂದೂಕಿನ ಸಿಲಿಂಡರನ್ನು ಯಾವಾಗಲೂ ಮೊದಲು ಒತ್ತಡ ಇಳಿದಿರುವ ಸಿಲಿಂಡರಿಗೆ ಜೋಡಿಸಿ ಅದು ಕೊಡುವಷ್ಟನ್ನು ತೆಗೆದುಕೊಂಡು, ಉಳಿದ ಏರಿಕೆಗೆ ಮಾತ್ರ ತುಂಬಿರುವ ಸಿಲಿಂಡರನ್ನು ತೆರೆಯಬೇಕು. ಆಗ ಮೊದಲನೆಯದು 120ಕ್ಕೆ ಇಳಿದ ಮೇಲೂ ದುಡಿಯುತ್ತಲೇ ಇರುತ್ತದೆ. ಎರಡನೆಯದು 120 ಮುಟ್ಟುವ ಹೊತ್ತಿಗೆ ಮೊದಲನೆಯದು 90ರ ಕೆಳಗೆ ಇಳಿದಿರುತ್ತದೆ. ಹೀಗೆ ಎರಡರಿಂದ ಒಟ್ಟು ದೊರೆಯುವುದು ಸುಮಾರು 4,250 ಲೀಟರ್, ಅದೇ ಎರಡು ಸಿಲಿಂಡರುಗಳಿಂದ ಒಂದೂವರೆ ಪಟ್ಟು ಕೆಲಸ. ವಾರಕ್ಕೆ 420 ಲೀಟರ್‌ನಂತೆ ಅದು ಹತ್ತು ವಾರಕ್ಕೆ ಬರಬೇಕು. ಪ್ರತಿ ಸಲ ಹೋಸ್ ಬಿಚ್ಚುವಾಗ ಅದರಲ್ಲಿ ಉಳಿದ ಅನಿಲ ಹೊರಗೆ ಹೋಗುವುದರಿಂದ ವಾಸ್ತವದಲ್ಲಿ ಎಂಟು ಒಂಬತ್ತು ವಾರ ಎಂದು ಇಟ್ಟುಕೊಳ್ಳಬೇಕು. ಮೊದಲನೆಯದು ಹಿಂದಿರುಗಿ ಹೊಸದು ಬಂದಾಗ, ಹಳೆಯ ಎರಡನೆಯದೇ ಮೊದಲನೆಯದರ ಜಾಗಕ್ಕೆ ಬರುತ್ತದೆ. ದೊಡ್ಡ ಡೈವಿಂಗ್ ಕೇಂದ್ರಗಳೂ ಸಿಎನ್‌ಜಿ ಬಂಕ್‌ಗಳೂ ಇದೇ ತತ್ವದಿಂದ ನಡೆಯುತ್ತವೆ.

ಈ ಸರದಿಯನ್ನು ಮಕ್ಕಳ ಕೈಗೆ ಬಿಡಲಿಲ್ಲ. ತುಂಬುವ ಕೆಲಸ ತರಬೇತುದಾರರದು ಮತ್ತು ಹದಿನೆಂಟು ದಾಟಿದ ಇಬ್ಬರು ಹಿರಿಯ ಶೂಟರ್‌ಗಳದು ಮಾತ್ರ. ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಅವಸರದಲ್ಲಿ ತುಂಬಿದ ಅನಿಲ ಬಿಸಿಯಾಗಿ ಒತ್ತಡ ಹೆಚ್ಚು ತೋರಿಸಿ, ತಣಿದ ಮೇಲೆ ಹತ್ತು ಬಾರ್‌ನಷ್ಟು ಕುಸಿಯುವುದು ಸಾಮಾನ್ಯ. ಸಿಲಿಂಡರಿಗೂ ಬಂದೂಕಿಗೂ ನಡುವೆ ಬೇಕಾದ ಜೋಡಣೆಯ ತುಂಡನ್ನು ಊರಿನ ಲೇತ್‌ನಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಿಸಬಹುದಿತ್ತು, ಅಲ್ಲಿನ ಕೆಲಸಗಾರ ಒಳ್ಳೆಯ ಕೈಯವನೂ ಹೌದು. ಆದರೂ ಯಾವ ಹಿತ್ತಾಳೆ, ಎಷ್ಟು ದಪ್ಪ, ಎಷ್ಟು ಒತ್ತಡಕ್ಕೆ ಪರೀಕ್ಷೆಯಾದದ್ದು ಎಂಬುದಕ್ಕೆ ಕಾಗದ ಸಿಗದ ಕಾರಣ ಆ ತುಂಡನ್ನೂ, ಗೇಜ್ ಮತ್ತು ಒತ್ತಡ ಬಿಡುವ ತಿರುಪು ಇರುವ ಹೋಸನ್ನೂ 300 ಬಾರ್‌ಗೆ ಪ್ರಮಾಣಿತವಾದದ್ದನ್ನೇ ಕೊಳ್ಳಲಾಯಿತು. ಇಡೀ ವ್ಯವಸ್ಥೆಯಲ್ಲಿ ಜಿಪುಣತನ ಮಾಡದ ಜಾಗ ಇದೊಂದೇ, ಮತ್ತು ನನ್ನ ಅಭಿಪ್ರಾಯದಲ್ಲಿ ಮಾಡಬಾರದ ಜಾಗವೂ ಇದೊಂದೇ.

ಗಾಳಿಯೇ ಬೇಡದ ಬಂದೂಕುಗಳು

ಇದೇ ಸಮಯದಲ್ಲಿ ತರಬೇತುದಾರರು ಇನ್ನೊಂದು ಬದಲಾವಣೆ ಮಾಡಿದರು. ಹೊಸದಾಗಿ ಸೇರಿದ ಮಕ್ಕಳು ಮೊದಲ ತಿಂಗಳುಗಳಲ್ಲಿ ಕಲಿಯುವುದು ನಿಲುವು, ಉಸಿರು, ಟ್ರಿಗರ್ ಎಳೆಯುವ ಹದ ಇವುಗಳನ್ನು. ಅದಕ್ಕೆ 200 ಬಾರ್‌ನ ಬಂದೂಕು ಬೇಕಾಗಿಲ್ಲ. ಪಕ್ಕದ ಅಥವಾ ಕೆಳಗಿನ ಸನ್ನೆಯನ್ನು (ಲಿವರ್) ಒಮ್ಮೆ ಎಳೆದು ಮುಚ್ಚಿದರೆ ಆ ಒಂದು ಹೊಡೆತಕ್ಕೆ ಬೇಕಾದ ಗಾಳಿಯನ್ನು ತಾನೇ ಒತ್ತಿಕೊಳ್ಳುವ ಬಂದೂಕುಗಳಿವೆ; ಫೈನ್‌ವೆರ್ಕ್‌ಬೌ 600 ಸರಣಿಯ ರೈಫಲ್‌ಗಳು ಮತ್ತು ರಷ್ಯಾದ ಬೈಕಲ್ ಐಝೆಡ್‌ಎಚ್ 46ಎಂ ಪಿಸ್ತೂಲ್ ಇಂಥವು, ಒಂದು ಕಾಲದಲ್ಲಿ ಫೈನ್‌ವೆರ್ಕ್‌ಬೌ ರೈಫಲ್‌ಗಳು ಅಂತರರಾಷ್ಟ್ರೀಯ ಪಂದ್ಯಗಳಲ್ಲೂ ಮೆರೆದವು. ಹಳೆಯ ಶೂಟರ್‌ಗಳ ಮನೆಯಲ್ಲಿ ಬಳಸದೆ ಕೂತಿದ್ದ ಒಂದು ರೈಫಲ್ ಮತ್ತು ಒಂದು ಪಿಸ್ತೂಲ್ ಹೀಗೆ ರೇಂಜ್‌ಗೆ ಬಂದವು. ಸನ್ನೆ ಎಳೆಯುವ ಶ್ರಮದಿಂದ ಹೊಡೆತಗಳ ನಡುವೆ ತಾನಾಗಿಯೇ ಬಿಡುವು ಸಿಗುತ್ತದೆ, ಆರಂಭದವರು ಆತುರದಲ್ಲಿ ಪೆಲೆಟ್ ಖರ್ಚು ಮಾಡುವುದೂ ತಗ್ಗುತ್ತದೆ ಎಂಬುದು ತರಬೇತುದಾರರ ಅನುಭವ.

ಈಗಿನ ಸ್ಥಿತಿ

ಡೈವಿಂಗ್ ಸಿಲಿಂಡರ್ ಇನ್ನೂ ಇದೆ, ಆದರೆ ಅದರ ಕೆಲಸ ಬದಲಾಗಿದೆ. ಯಾರಾದರೂ ಬೇರೆ ಕಾರಣಕ್ಕೆ ಕರಾವಳಿಗೆ ಹೋದಾಗ ತುಂಬಿಸಿಕೊಂಡು ಬಂದು, ಪಂದ್ಯಕ್ಕೆ ಹೊರಡುವವರ ಬಂದೂಕನ್ನು 180, 190ರವರೆಗೆ ಏರಿಸಲು ಮಾತ್ರ ಬಳಸುತ್ತಾರೆ. ಮಳೆಗಾಲದಲ್ಲಿ ಅದೂ ಮುಗಿದರೆ ಕೈಪಂಪು ಇದೆ, 120ರಿಂದ ಮೇಲಿನ ಭಾಗವನ್ನಷ್ಟೇ ಹೊಡೆಯಬೇಕಾದ್ದರಿಂದ ಶ್ರಮವೂ ಕಡಿಮೆ. ರಾಜ್ಯ ಮಟ್ಟದ ಪಂದ್ಯಗಳು ನಡೆಯುವ ದೊಡ್ಡ ರೇಂಜ್‌ಗಳಲ್ಲಿ ಸಾಮಾನ್ಯವಾಗಿ ಗಾಳಿ ತುಂಬುವ ವ್ಯವಸ್ಥೆ ಇರುವುದರಿಂದ, ಸರಿಯಾದ ಜೋಡಣೆಯ ತುಂಡನ್ನು ಬ್ಯಾಗಿನಲ್ಲಿ ಒಯ್ದರೆ ಸಾಕು.

ಶೂಟರ್‌ಗಳ ಸಂಖ್ಯೆ ಈಗಿನ ಎರಡರಷ್ಟಾದರೆ ಈ ವ್ಯವಸ್ಥೆಯ ಅನುಕೂಲ ಕರಗತೊಡಗುತ್ತದೆ. ನಾಲ್ಕು ವಾರಕ್ಕೊಮ್ಮೆ ಸಿಲಿಂಡರ್ ಬದಲಿಸಬೇಕು, ತುಂಬುವುದಕ್ಕೇ ಒಬ್ಬರು ಬೇಕು. ಆಗ ಪರವಾನಗಿ ಸಹಿತ ಒಳ್ಳೆಯ ಕಂಪ್ರೆಸರ್ ಅಥವಾ ಮೂರನೆಯ ಸಿಲಿಂಡರ್ ಯಾವುದು ಲಾಭ ಎಂದು ಮತ್ತೆ ಕೂತು ಲೆಕ್ಕ ಹಾಕಬೇಕಾಗುತ್ತದೆ.

ಸದ್ಯಕ್ಕೆ ಬಗೆಹರಿಯದೆ ಉಳಿದಿರುವುದು ಬಂದೂಕಿನ ಸ್ವಂತ ಸಿಲಿಂಡರುಗಳ ವಿಷಯ. ತಯಾರಕರು ಅವುಗಳಿಗೆ ಸಾಮಾನ್ಯವಾಗಿ ಹತ್ತು ವರ್ಷದ ಅವಧಿ ಕೊಟ್ಟು ದಿನಾಂಕವನ್ನು ಮೈಮೇಲೆ ಒತ್ತಿರುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸಿಲಿಂಡರ್ ಆ ಅವಧಿಯೊಳಗೆ ಇರುವಂತೆ ನೋಡಿಕೊಳ್ಳುವುದು ಕ್ರೀಡಾಪಟುವಿನ ಹೊಣೆ. ಎರಡನೇ ಕೈಯಲ್ಲಿ ಕೊಂಡ ಎರಡು ಪಿಸ್ತೂಲ್‌ಗಳ ಸಿಲಿಂಡರಿನ ಅವಧಿ ಮುಗಿದಿದ್ದು, ಅವನ್ನು ಬಳಕೆಯಿಂದ ತೆಗೆದಿಡಲಾಗಿದೆ. ಹೊಸದು ವಿದೇಶದಿಂದಲೇ ಬರಬೇಕು, ಬೆಲೆಯೂ ಹೆಚ್ಚು. ಜೀಪಿನ ಡೀಸೆಲ್ಲಿನಲ್ಲಿ ಉಳಿದ ಹಣವನ್ನು ಸಮಿತಿ ಅದಕ್ಕೆಂದು ಎತ್ತಿಟ್ಟಿದೆ. ಮೊದಲ ಸಿಲಿಂಡರಿಗೆ ಆರ್ಡರ್ ಕೊಡಲಾಗಿದ್ದು, ಅದು ಬರುವವರೆಗೆ ಆರು ಮಂದಿ ಪಿಸ್ತೂಲ್ ಶೂಟರ್‌ಗಳು ಒಂದು ಪಿಸ್ತೂಲನ್ನೂ ಸನ್ನೆಯ ಪಿಸ್ತೂಲನ್ನೂ ಪಾಳಿಯಲ್ಲಿ ಹಂಚಿಕೊಂಡು ಅಭ್ಯಾಸ ಮಾಡುತ್ತಿದ್ದಾರೆ.